‘ಕಿರುಮಿನಾಸಿನಿ’ಯೇ ಕ್ರಿಮಿನಾಶಕವಲ್ಲ: ವೈರಸ್ಸಿನ ಪಾಠ ಮನೆಮಾತಿನಲ್ಲೇ ಆಗಲಿ



2020ರ ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ನಡೆದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಕೊರೊನಾ ಎಂದು ಶಾಲೆಗಳೆಲ್ಲ ಮುಚ್ಚಿದ್ದವು. ಬೇರಿಕೆಯ ಸುತ್ತಿನ ನಮ್ಮ ಹಳ್ಳಿಗೆ ಮೈಕು ಕಟ್ಟಿದ ಆಟೋ ಬರುತ್ತಿತ್ತು. ಮೂಗು ಬಾಯಿ ಮುಚ್ಚಿಕೊಳ್ಳಿ, ಗುಂಪು ಸೇರಬೇಡಿ, ಕೈಗೆ ‘ಕಿರುಮಿನಾಸಿನಿ’ ಹಚ್ಚಿಕೊಳ್ಳಿ ಎಂದು ತಮಿಳಿನಲ್ಲಿ ಸಾರುತ್ತಿತ್ತು. ನನ್ನ ತಂಗಿಯ ಮಗನಿಗೆ ಆಗ ಏಳು ವರ್ಷ, ಕನ್ನಡ ಮಾಧ್ಯಮದ ಎರಡನೆಯ ತರಗತಿ. ಆಟೋ ಅತ್ತ ಹೋದ ಸ್ವಲ್ಪ ಹೊತ್ತಿಗೆ ಹುಡುಗ ಮನೆಯಲ್ಲಿ ಕಾಣಲಿಲ್ಲ. ನಮ್ಮ ತಾಯಿ ಹುಡುಕಿಕೊಂಡು ಹೋದರೆ, ಅವನು ಪಂಪ್‌ಸೆಟ್ಟಿನ ಕೊಠಡಿಯಲ್ಲಿ ಕುಳಿತು, ಟೊಮೆಟೊ ಗಿಡಕ್ಕೆ ಹೊಡೆಯುವ ಔಷಧಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತಿರುಗಿಸುತ್ತಿದ್ದ. ಕಿತ್ತುಕೊಂಡು ಗದರಿಸಿದಾಗ ಅಳುತ್ತಾ ಹೇಳಿದ: “ಅಜ್ಜೀ, ಆಟೋದಲ್ಲಿ ಹೇಳಿದ್ರಲ್ಲ, ಕೈಗೆ ಇದನ್ನ ಹಚ್ಕೋಬೇಕು ಅಂತ. ನೋಡು, ಇಲ್ಲೇ ಬರ್ದೈತೆ.”

ಹುಡುಗ ಸುಳ್ಳು ಹೇಳಿರಲಿಲ್ಲ. ಮಾಲೂರಿನಿಂದ ತಂದ ಆ ಡಬ್ಬಿಯ ಮೇಲೆ ಕನ್ನಡದಲ್ಲಿ ‘ಕ್ರಿಮಿನಾಶಕ’ ಎಂದು ಅಚ್ಚಾಗಿತ್ತು. ಅವನು ಅಕ್ಷರ ಕೂಡಿಸಿ ಸರಿಯಾಗಿಯೇ ಓದಿದ್ದ.

ತಪ್ಪು ಯಾರದು? ಆಟೋದವರದಲ್ಲ, ಅವರು ತಮ್ಮ ಕೆಲಸ ಮಾಡಿದರು. ತಮಿಳು ಭಾಷೆಯದೂ ಅಲ್ಲ. ತಮಿಳಿನಲ್ಲಿ ‘ಕಿರುಮಿ’ ಎಂದರೆ ಕಣ್ಣಿಗೆ ಕಾಣದ ರೋಗಾಣು. ‘ಕಿರುಮಿನಾಸಿನಿ’ ಎಂದರೆ ಕೈಗೆ ಹಚ್ಚುವ ಸ್ಯಾನಿಟೈಸರ್, ನೆಲ ಒರೆಸುವ ದ್ರಾವಣ. ಕನ್ನಡದಲ್ಲಿ ‘ಕ್ರಿಮಿ’ ಎಂದೊಡನೆ ಮನಸ್ಸಿಗೆ ಬರುವುದು ಹುಳುಹುಪ್ಪಟೆ. ‘ಕ್ರಿಮಿನಾಶಕ’ ಎಂದರೆ ಬೆಳೆಗೆ ಹೊಡೆಯುವ ವಿಷ. ಒಂದೇ ಸಂಸ್ಕೃತ ಮೂಲದ ಪದ ಎರಡು ಮನೆಗಳಿಗೆ ಸೊಸೆಯಾಗಿ ಹೋಗಿ ಎರಡು ಬಗೆಯ ಸಂಸಾರ ಹೂಡಿದೆ. ದೊಡ್ಡವರಾದ ನಮಗೆ ಈ ವ್ಯತ್ಯಾಸ ಗೊತ್ತು. ಏಳು ವರ್ಷದ ಮಗುವಿಗೆ ಅದನ್ನು ಯಾರು ಹೇಳಿಕೊಟ್ಟಿದ್ದರು?

ಅಂದು ನಮ್ಮ ತಾಯಿ ಎರಡು ನಿಮಿಷ ತಡವಾಗಿ ಹೋಗಿದ್ದರೆ ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅದಕ್ಕಾಗಿಯೇ ಈ ಲೇಖನ. ಕನ್ನಡ ಶಾಲೆ ಉಳಿಯಬೇಕು ಎಂದು ನಾವು ಹೇಳಿದಾಗಲೆಲ್ಲ ಅದು ಭಾಷಾಭಿಮಾನದ ಮಾತು, ಬಾವುಟದ ಮಾತು ಎಂದು ಕೆಲವರು ನಗುತ್ತಾರೆ. ಇಲ್ಲ ಸ್ವಾಮಿ. ಮಗುವಿನ ಪ್ರಾಣಕ್ಕೆ ಸಂಬಂಧಿಸಿದ ವಿಷಯವನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು ಎಂಬುದಷ್ಟೇ ನಮ್ಮ ವಾದ. ವೈರಸ್ ಎಂದರೇನು, ಅದು ಹೇಗೆ ಬರುತ್ತದೆ, ಹೇಗೆ ತಡೆಯಬೇಕು ಎಂಬ ಪಾಠ ಅಂಥ ವಿಷಯಗಳಲ್ಲಿ ಮೊದಲನೆಯದು.

ಮನೆಯಲ್ಲೇ ಇರುವ ಪಾಠ

ಸಣ್ಣ ಮಕ್ಕಳಿಗೆ ವೈರಸ್ ಅರ್ಥವಾಗುವುದಿಲ್ಲ, ದೊಡ್ಡವರಾದ ಮೇಲೆ ಇಂಗ್ಲಿಷಿನಲ್ಲಿ ಓದಿಕೊಳ್ಳುತ್ತಾರೆ ಎಂದು ಹೇಳುವವರಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಂಥವರಿಗಾಗಿಯೇ ಹುಟ್ಟಿದ್ದು. ನಮ್ಮ ಹೊಸೂರು ಸೀಮೆಯ ಮಗುವಿಗೆ ವೈರಸ್ಸಿನ ಪರಿಚಯ ಹುಟ್ಟಿದಾಗಿನಿಂದಲೇ ಇದೆ. ಅದರ ಹೆಸರು ಗೊತ್ತಿಲ್ಲ, ಅಷ್ಟೇ.

ರೇಷ್ಮೆ ಸಾಕುವ ಮನೆಯನ್ನೇ ತೆಗೆದುಕೊಳ್ಳಿ. ಹುಳು ಮೂರನೆಯ ಜ್ವರ, ನಾಲ್ಕನೆಯ ಜ್ವರ ದಾಟುವಾಗ ಆ ಮನೆಯ ತಾಯಿ ಹೊರಗಿನವರನ್ನು ಒಳಗೆ ಬಿಡುತ್ತಾಳೆಯೇ? ಇಲ್ಲ. ಕೈಕಾಲು ತೊಳೆಯದೆ ತಟ್ಟೆ ಮುಟ್ಟಲು ಬಿಡುತ್ತಾಳೆಯೇ? ಇಲ್ಲ. ಬೆಳೆ ಮುಗಿದ ಮೇಲೆ ಮನೆಯನ್ನೂ ತಟ್ಟೆಗಳನ್ನೂ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆಯದೆ ಮುಂದಿನ ಬೆಳೆಗೆ ಮೊಟ್ಟೆ ತರುತ್ತಾಳೆಯೇ? ಇಲ್ಲ. ಏಕೆಂದರೆ ಹಾಲುತೊಂಡೆ ರೋಗ ಬಂದರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತು. ಹುಳು ಊದಿಕೊಂಡು, ಚರ್ಮ ಮಿರಮಿರ ಹೊಳೆದು, ಮುಟ್ಟಿದರೆ ಒಡೆದು ಹಾಲಿನಂಥ ದ್ರವ ಸುರಿಯುತ್ತದೆ. ಆ ದ್ರವ ಬಿದ್ದ ಸೊಪ್ಪನ್ನು ತಿಂದ ಹುಳುವಿಗೂ ಅದೇ ಗತಿ. ಈ ಹಾಲುತೊಂಡೆಯನ್ನು ತರುವುದು ಒಂದು ವೈರಸ್. ಪಕ್ಕದ ತಟ್ಟೆಯಲ್ಲಿ ಹುಳು ಬಿಳಿ ಸುಣ್ಣದ ಕಡ್ಡಿಯ ಹಾಗೆ ಬಿಗಿದುಕೊಂಡರೆ ಅದು ಸುಣ್ಣಕಟ್ಟು. ಅದಕ್ಕೆ ಕಾರಣ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯದು. ವೈರಸ್ ಬೇರೆ, ಬೂಷ್ಟು ಬೇರೆ ಎಂಬ ವಿಜ್ಞಾನವನ್ನು ನಮ್ಮ ತಾಯಂದಿರು ಎರಡು ಹೆಸರುಗಳಲ್ಲಿ ಬೇರೆಬೇರೆಯಾಗಿಯೇ ಇಟ್ಟಿದ್ದಾರೆ. ಇದಕ್ಕಿಂತ ಒಳ್ಳೆಯ ಪಾಠಶಾಲೆ ಯಾವುದಿದೆ?

ಟೊಮೆಟೊ ತೋಟಕ್ಕೆ ಬನ್ನಿ. ಗಿಡದ ಎಲೆ ಮುದುಡಿ, ಹಳದಿಯಾಗಿ, ಗಿಡ ಗಿಡ್ಡವಾಗಿ ಕಾಯಿ ಕಟ್ಟದೆ ನಿಲ್ಲುವ ಎಲೆ ಮುದುಡು ರೋಗವೂ ವೈರಸ್ಸಿನದೇ. ಅದನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಬಿಳಿ ನೊಣ. ಔಷಧಿ ಹೊಡೆಯುವುದು ನೊಣವನ್ನು ಕೊಲ್ಲಲು. ಗಿಡದೊಳಗೆ ಸೇರಿದ ವೈರಸ್ಸನ್ನು ಆ ಔಷಧಿ ಮುಟ್ಟುವುದಿಲ್ಲ. ಡೆಂಗಿ ಜ್ವರದ ಕಥೆಯೂ ಹೀಗೆಯೇ, ಅಲ್ಲಿ ಹೊತ್ತು ತರುವುದು ಸೊಳ್ಳೆ. ಮುದುಡಿದ ಗಿಡವನ್ನು ಕಿತ್ತು ದೂರ ಹಾಕುವ ತಂದೆಯ ಹಿಂದೆ ನಡೆಯುವ ಮಗುವಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ಹಾಗೆ ಹೇಳಿದ್ದರೆ ಕ್ರಿಮಿನಾಶಕ ವೈರಸ್ಸಿಗಲ್ಲ, ಹುಳುವಿಗೆ ಎಂಬುದು ನಮ್ಮ ಹುಡುಗನಿಗೆ ಅಂದೇ ತಿಳಿದಿರುತ್ತಿತ್ತು.

ಇನ್ನು ಹಸುವಿನ ಕಾಲುಬಾಯಿ ಜ್ವರ, ಕೋಳಿಗಳನ್ನು ಒಂದೇ ವಾರದಲ್ಲಿ ಗುಡಿಸಿಹಾಕುವ ಕೊಕ್ಕರೆ ರೋಗ, 2022ರಲ್ಲಿ ರಾಜ್ಯ ರಾಜ್ಯಗಳ ದನಕರುಗಳನ್ನು ನರಳಿಸಿದ ಚರ್ಮಗಂಟು ರೋಗ, ಮನುಷ್ಯರ ದಡಾರ, ಗದ್ದಕಟ್ಟು, ನಾವು ‘ಅಮ್ಮ’ ಎನ್ನುವ ಸೀತಾಳೆ ಸಿಡುಬು — ಎಲ್ಲವೂ ವೈರಸ್ಸಿನವೇ.

ಲೋಕದ ವಿಜ್ಞಾನಿಗಳಿಗೂ ವೈರಸ್ಸಿನ ಸುಳಿವು ಮೊದಲು ಸಿಕ್ಕಿದ್ದು ದೊಡ್ಡ ಆಸ್ಪತ್ರೆಯಲ್ಲಲ್ಲ, ಹೊಗೆಸೊಪ್ಪಿನ ಎಲೆಯಲ್ಲಿ. 1892ರಲ್ಲಿ ರಷ್ಯಾದ ಇವನೋವ್‌ಸ್ಕಿ ರೋಗದ ಎಲೆಯ ರಸವನ್ನು, ಬ್ಯಾಕ್ಟೀರಿಯಾ ಕೂಡ ದಾಟಲಾರದಷ್ಟು ಸಣ್ಣ ರಂಧ್ರಗಳ ಸೋಸುಗದಲ್ಲಿ ಸೋಸಿದ. ಸೋಸಿದ ರಸವೂ ರೋಗ ತಂದಿತು. 1898ರಲ್ಲಿ ಹಾಲೆಂಡಿನ ಬೈಜರಿಂಕ್ ಇದು ಬ್ಯಾಕ್ಟೀರಿಯಾ ಅಲ್ಲ, ಬೇರೆಯೇ ಬಗೆಯದು ಎಂದು ಸಾರಿ ಅದನ್ನು ‘ವೈರಸ್’ ಎಂದು ಕರೆದ. ಎಲೆಯ ಕಾಯಿಲೆಯಿಂದ ಶುರುವಾದ ವಿಜ್ಞಾನವನ್ನು ರೈತನ ಮಗುವಿಗೆ ಹೇಳಲಾಗದು ಎಂದರೆ ನಂಬುವುದು ಹೇಗೆ?

ಮಗುವಿಗೆ ಹೀಗೆ ಹೇಳಿ

ಶಾಲೆ ಹೇಳಲಿ ಎಂದು ಕಾಯಬೇಡಿ. ಇಂದು ರಾತ್ರಿ ಊಟದ ಹೊತ್ತಿಗೆ ನೀವೇ ಹೇಳಬಹುದು.

ವೈರಸ್ ಎಷ್ಟು ಸಣ್ಣದು ಎಂದು ಮಗು ಕೇಳಿದರೆ ಒಂದು ರಾಗಿ ಕಾಳನ್ನು ಅಂಗೈಯಲ್ಲಿಡಿ. ಒಂದು ಮಿಲಿಮೀಟರ್ ಉದ್ದಕ್ಕೆ ಸುಮಾರು 10,000 ಕೊರೊನಾ ವೈರಸ್ಸುಗಳನ್ನು ಸಾಲಾಗಿ ನಿಲ್ಲಿಸಬಹುದು. ರಾಗಿ ಕಾಳಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅಷ್ಟಕ್ಕೂ ಹೆಚ್ಚು ಹಿಡಿಯುತ್ತವೆ. ಆದ್ದರಿಂದಲೇ ಅದು ಕಣ್ಣಿಗೂ ಕಾಣದು, ಶಾಲೆಯ ಸೂಕ್ಷ್ಮದರ್ಶಕಕ್ಕೂ ಕಾಣದು. ಟಿವಿಯಲ್ಲಿ ಕಂಡ ಕೆಂಪು ಮುಳ್ಳಿನ ಚೆಂಡಿನ ಬಣ್ಣ ಚಿತ್ರ ಬರೆದವರು ಹಚ್ಚಿದ್ದು.

ಅದು ಹುಳುವೇ ಎಂದು ಕೇಳಿದರೆ ಅಲ್ಲ ಎನ್ನಿ. ಹುಳು ತಿನ್ನುತ್ತದೆ, ಬೆಳೆಯುತ್ತದೆ, ಮೊಟ್ಟೆಯಿಡುತ್ತದೆ. ವೈರಸ್ ತಾನಾಗಿ ಏನೂ ಮಾಡಲಾರದು. ಆಮೇಲೆ ಕೋಗಿಲೆಯ ಕಥೆ ಹೇಳಿ. ಕೋಗಿಲೆ ಗೂಡು ಕಟ್ಟುವುದಿಲ್ಲ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹಾರಿಹೋಗುತ್ತದೆ. ಕಾಗೆ ತನ್ನದೇ ಮರಿಯೆಂದು ಗುಟುಕು ಕೊಟ್ಟು ಸಾಕುತ್ತದೆ. ನಮ್ಮ ಮೈ ಎಂಬುದು ಜೇನುಗೂಡಿನ ಕಣ್ಣುಗಳ ಹಾಗೆ ಕೋಟಿ ಕೋಟಿ ಪುಟ್ಟ ಕೋಣೆಗಳಿಂದ ಆದದ್ದು. ವೈರಸ್ ಅಂಥ ಒಂದು ಕೋಣೆಯೊಳಗೆ ನುಗ್ಗುತ್ತದೆ. ಆ ಕೋಣೆ ಮೋಸಹೋಗಿ ತನ್ನ ಕೆಲಸ ಬಿಟ್ಟು ವೈರಸ್ಸಿನ ಮರಿಗಳನ್ನೇ ಮಾಡತೊಡಗುತ್ತದೆ. ಸಾವಿರಾರು ಮರಿಗಳು ಹೊರಬಂದು ಪಕ್ಕದ ಕೋಣೆಗಳಿಗೆ ನುಗ್ಗುತ್ತವೆ. ನಮ್ಮ ಮೈಯ ಕಾವಲುಗಾರರು ಎದ್ದು ಹೋರಾಡುತ್ತಾರೆ. ಜ್ವರ ಬರುವುದು ಆ ಹೋರಾಟದಿಂದ.

ಸೋಪು ಏಕೆ ಎಂದು ಕೇಳಿದರೆ ಅಡಿಗೆಮನೆಗೆ ಕರೆದುಕೊಂಡು ಹೋಗಿ. ಜಿಡ್ಡಾದ ಬಾಣಲೆ ಬರಿ ನೀರಿಗೆ ಬಿಡುವುದಿಲ್ಲ, ಸೋಪು ಹಾಕಿದರೆ ಬಿಡುತ್ತದೆ. ಕೊರೊನಾದಂಥ ವೈರಸ್ಸಿನ ಮೇಲೆ ಜಿಡ್ಡಿನ ಹೊದಿಕೆಯಿದೆ. ಸೋಪು ಅದನ್ನು ಹರಿದುಹಾಕುತ್ತದೆ. ಹೊದಿಕೆ ಹರಿದ ವೈರಸ್ ಕೆಲಸಕ್ಕೆ ಬಾರದು. ಜಿಡ್ಡಿನ ಹೊದಿಕೆಯಿಲ್ಲದ ವೈರಸ್ಸುಗಳೂ ಇವೆ. ಚೆನ್ನಾಗಿ ಉಜ್ಜಿ ತೊಳೆದರೆ ಅವು ನೀರಿನ ಜೊತೆ ಕೊಚ್ಚಿಕೊಂಡು ಹೋಗುತ್ತವೆ.

ಲಸಿಕೆ ಏಕೆ ಎಂದರೆ, ಕಳ್ಳ ಬರುವ ಮೊದಲೇ ಅವನ ಗುರುತನ್ನು ಕಾವಲುಗಾರನಿಗೆ ತೋರಿಸಿಡುವುದು ಎನ್ನಿ. ನಮ್ಮ ಅಜ್ಜಿಯರ ಕಾಲದಲ್ಲಿ ಊರೂರನ್ನೇ ಖಾಲಿ ಮಾಡಿಸುತ್ತಿದ್ದ ಸಿಡುಬು ಭಾರತದಲ್ಲಿ ಕೊನೆಯದಾಗಿ ಕಂಡದ್ದು 1975ರಲ್ಲಿ. 1980ರಲ್ಲಿ ಇಡೀ ಲೋಕದಿಂದಲೇ ಅದು ತೊಲಗಿತೆಂದು ಸಾರಲಾಯಿತು. ದೇಶದಲ್ಲಿ ಪಲ್ಸ್ ಪೋಲಿಯೋ 1995ರಲ್ಲಿ ಶುರುವಾಯಿತು. ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ. 2014ರಲ್ಲಿ ಭಾರತ ಪೋಲಿಯೋಮುಕ್ತವಾಯಿತು. ತೋಳಿನ ಮೇಲಿನ ಸಿಡುಬಿನ ಲಸಿಕೆಯ ಗುರುತನ್ನು ತೋರಿಸಿ ಅಜ್ಜಿಯೇ ಈ ಪಾಠ ಮಾಡಬಲ್ಲರು.

ಒಂದು ಎಚ್ಚರಿಕೆ ಮಾತ್ರ ಇರಲಿ. ಊಟ ಮಾಡದ ಮಗುವಿಗೆ “ಕೊರೊನಾ ಬಂದು ಹಿಡ್ಕೊಂಡು ಹೋಗುತ್ತೆ” ಎಂದು ಹೆದರಿಸಬೇಡಿ. ವೈರಸ್ಸನ್ನು ಗುಮ್ಮನನ್ನಾಗಿ ಮಾಡಿದರೆ ಮಗು ಹೆದರುತ್ತದೆ. ಹೆದರಿದ ಮಗು ಬಚ್ಚಿಡುತ್ತದೆ.

ಬಚ್ಚಿಟ್ಟರೆ ಏನಾಗುತ್ತದೆ

ಬಚ್ಚಿಡಬಾರದ ವೈರಸ್ ಒಂದಿದೆ: ಹುಚ್ಚುನಾಯಿ ಕಡಿತದ ರೇಬಿಸ್. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಆದರೆ ಕಡಿದ ಕೂಡಲೇ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ಎಲ್ಲ ಸುತ್ತುಗಳನ್ನೂ ಹಾಕಿಸಿಕೊಂಡರೆ ಪ್ರಾಣ ಉಳಿಯುತ್ತದೆ. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ ನಲವತ್ತು ಮಂದಿ 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಯಿ ಮುಟ್ಟಿದ್ದನ್ನು ಕಂಡ ಸಾಕ್ಷಿ ಎಷ್ಟೋ ಸಲ ಆ ಮಗು ಒಂದೇ. ಅದು ಬಾಯಿ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಗಡಿಭಾಗದ ಒಂದು ಶಾಲೆಯಲ್ಲಿ ನಾನು ಕುಳಿತಿದ್ದಾಗ ಈ ವಿಷಯವಾಗಿ ಒಂದು ಭಾಷಣ ನಡೆಯಿತು. ಬಂದವರು ಒಳ್ಳೆಯವರು, ಮಕ್ಕಳನ್ನು ನಗಿಸಿ ನಗಿಸಿ ತಮಿಳಿನಲ್ಲಿ ಹೇಳಿದರು. ‘ಕಡಿ’ ಎಂಬ ಮಾತು ಎರಡು ಭಾಷೆಗಳಲ್ಲೂ ಇರುವುದರಿಂದ ನಾಯಿ ಕಡಿದರೆ ಹೇಳಬೇಕು ಎಂಬುದು ಮಕ್ಕಳಿಗೆ ತಿಳಿಯಿತು. ಉಗುರಿನಿಂದ ಪರಚಿದರೂ ಹೇಳಬೇಕು ಎಂದು ಅವರು ಹೇಳಿದರು. ಆದರೆ ‘ಪರಚು’ ಎಂಬುದಕ್ಕೆ ತಮಿಳಿನಲ್ಲಿ ‘ಪಿರಾಂಡು’ ಎಂಬ ಬೇರೆಯೇ ಮಾತು. ಭಾಷಣ ಮುಗಿದ ಮೇಲೆ ಚಿಕ್ಕ ಮಕ್ಕಳನ್ನು ನಾನು ಕನ್ನಡದಲ್ಲಿ ಕೇಳಿದೆ: “ನಾಯಿಮರಿ ಪರಚಿದ್ರೆ ಏನ್ ಮಾಡ್ಬೇಕು?” “ಏನೂ ಆಗಲ್ಲ” ಎಂದರು. ಚಪ್ಪಾಳೆ ತಟ್ಟಿ ಆಗಿತ್ತು, ರಿಜಿಸ್ಟರಿನಲ್ಲಿ ಸಹಿಯೂ ಆಗಿತ್ತು. ಅರಿವು ಮೂಡಿಸಲಾಯಿತು ಎಂದು ಕಾಗದದ ಮೇಲೆ ದಾಖಲಾಯಿತು. ಮಕ್ಕಳಿಗೆ ಮುಟ್ಟಿದ್ದು ಮಾತ್ರ ಅರ್ಧ. ಇಂಥ ವಿಷಯದಲ್ಲಿ ಅರ್ಧ ತಿಳಿಯುವುದು ಏನೂ ತಿಳಿಯದೆ ಇರುವುದಕ್ಕಿಂತ ಅಪಾಯ, ಏಕೆಂದರೆ ತಿಳಿದಿದೆ ಎಂಬ ಧೈರ್ಯ ಜೊತೆಗಿರುತ್ತದೆ.

ಎದುರಾಡುವವರಿಗೆ

“ತಮಿಳುನಾಡಿನಲ್ಲಿದ್ದು ತಮಿಳು ಕಲಿಯಬಾರದೇ?” ಎನ್ನುತ್ತಾರೆ. ಕಲಿಯಲಿ, ಚೆನ್ನಾಗಿ ಕಲಿಯಲಿ. ನಾವು ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ತಮಿಳಾಡುವವರೇ. ಪಕ್ಕದ ಮನೆಯವರೊಡನೆ ತೆಲುಗಾಡುವವರೇ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳು ಒಂದನೆಯ ತರಗತಿಯಿಂದಲೇ ತಮಿಳು ಓದುತ್ತಿದ್ದಾರೆ. ಭಾಷೆಯ ಪಾಠದಲ್ಲಿ ಭಾಷೆ ಕಲಿಯಲಿ. ಆದರೆ ಹುಚ್ಚುನಾಯಿಯ ವಿಷಯವನ್ನು ಭಾಷೆ ಕಲಿಸುವ ಅಭ್ಯಾಸಕ್ಕೆ ಬಳಸಬೇಡಿ. ಬಾವಿಗೆ ಬೀಳುತ್ತಿರುವ ಮಗುವನ್ನು ಕೂಗುವಾಗ ಯಾರಾದರೂ ವ್ಯಾಕರಣ ಕಲಿಸುತ್ತಾರೆಯೇ? ನಮ್ಮ ತೆಲುಗು ಮಾಧ್ಯಮದ ನೆರೆಯವರ, ಉರ್ದು ಮನೆಗಳ ಮಕ್ಕಳ ಸಂಕಟವೂ ಇದೇ. ಅವರ ಪರವಾಗಿಯೂ ಈ ಮಾತು ಸಲ್ಲುತ್ತದೆ.

“ವೈರಸ್ ಎಂಬುದೇ ಇಂಗ್ಲಿಷ್ ಪದ, ಇಂಗ್ಲಿಷ್ ಶಾಲೆಗೆ ಸೇರಿಸಿದರೆ ತೊಂದರೆಯೇ ಇಲ್ಲ” ಎನ್ನುವವರು ನಮ್ಮೊಳಗೇ ಇದ್ದಾರೆ. ವೈರಸ್ ಲ್ಯಾಟಿನ್ ಪದ, ಅದರ ಅರ್ಥ ವಿಷ. ಇಂಗ್ಲಿಷರೂ ಅದನ್ನು ಸಾಲ ತಂದವರೇ; ನಾವೂ ತಂದುಕೊಳ್ಳೋಣ, ನಾಚಿಕೆಯೇನಿಲ್ಲ. ಹೆಸರು ಯಾವ ಭಾಷೆಯದಾದರೂ ಇರಲಿ, ವಿವರಣೆ ಮನೆಮಾತಿನದಾಗಿರಬೇಕು. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಾಯಿಪಾಠ ಒಪ್ಪಿಸುವ ಮಗು ಅದನ್ನು ಅಜ್ಜಿಗೆ ಹೇಳಬಲ್ಲದೇ? ಕನ್ನಡದಲ್ಲಿ ತಿಳಿದುಕೊಂಡ ಮಗು ಆ ದಿನ ಸಂಜೆಯೇ ಮನೆಮಂದಿಗೆಲ್ಲ ಮೇಷ್ಟರಾಗುತ್ತದೆ. ಪ್ರಾಥಮಿಕ ಶಿಕ್ಷಣಕ್ಕೆ ತಾಯ್ನುಡಿಯೇ ಅತ್ಯುತ್ತಮ ಮಾಧ್ಯಮ ಎಂದು ಯುನೆಸ್ಕೋ 1953ರಷ್ಟು ಹಿಂದೆಯೇ ಹೇಳಿತು.

“ಕನ್ನಡದಲ್ಲಿ ವಿಜ್ಞಾನ ಎಲ್ಲಿದೆ?” ಎಂಬುದು ಇನ್ನೊಂದು ಪ್ರಶ್ನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು, ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿ, ಇದು ಉಣ್ಣೆಯ ಕಡಿತದಿಂದ ಹರಡುವ ಹೊಸ ವೈರಸ್ ಎಂದು ಕಂಡುಕೊಂಡರು. ಲೋಕದ ಪುಸ್ತಕಗಳೆಲ್ಲ ಅದನ್ನು ನಮ್ಮ ಕ್ಯಾಸನೂರಿನ ಹೆಸರಿನಲ್ಲೇ ಕರೆಯುತ್ತವೆ. ಮಲೆನಾಡಿನ ಜನ ಇಟ್ಟ ಹೆಸರು ‘ಮಂಗನ ಕಾಯಿಲೆ’. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡ, ಹಿರಿಯರಿಗೆ ಹೇಳು ಎಂಬ ಅರ್ಧ ಪಾಠ ಆ ಹೆಸರಿನಲ್ಲೇ ಇದೆ. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ ಬರೆದದ್ದು ಸ್ವಾತಂತ್ರ್ಯಕ್ಕೂ ಮೊದಲೇ. ನಿರಂಜನರ ಸಂಪಾದಕತ್ವದಲ್ಲಿ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ ಏಳು ಸಂಪುಟಗಳಲ್ಲಿ ಬಂತು. ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಲೇ ಕನ್ನಡದಲ್ಲಿ ‘ಹಸುರು ಹೊನ್ನು’ ಬರೆದರು. ಕನ್ನಡಕ್ಕೆ ಶಕ್ತಿಯಿಲ್ಲ ಎಂಬುದು ಓದದವರ ಮಾತು.

ಆದರೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ಕನ್ನಡದಲ್ಲಿ ಹೇಳುತ್ತೇವೆಂದು ಹೊರಟು, ‘ಸೂಕ್ಷ್ಮಾಣುಜನ್ಯ ಸಾಂಕ್ರಾಮಿಕ ವ್ಯಾಧಿಗಳ ಪ್ರಸರಣ’ ಎಂದು ಮಗುವಿನ ತಲೆಯ ಮೇಲೆ ಕಲ್ಲುಚಪ್ಪಡಿ ಇಡುವವರು ನಮ್ಮಲ್ಲೂ ಇದ್ದಾರೆ. ಅದಕ್ಕೂ ಮಗುವಿಗೆ ತಿಳಿಯದ ತಮಿಳಿಗೂ ವ್ಯತ್ಯಾಸವೇನು? ‘ಕಾಯಿಲೆ ಹೇಗೆ ಹರಡುತ್ತದೆ’ ಎಂದರೆ ಸಾಕು. ನಾವು ಕೇಳುತ್ತಿರುವುದು ಮನೆಯ ಕನ್ನಡ.

ಕೇಳುವುದು ಭಿಕ್ಷೆಯಲ್ಲ

1956ರ ನವೆಂಬರ್ 1ರಂದು ಭಾಷಾವಾರು ಗಡಿ ಎಳೆದಾಗ ನಮ್ಮ ಊರುಗಳು ಇತ್ತ ಉಳಿದವು. ಆಮೇಲೆ ನಾವು ಸೇಲಂ ಜಿಲ್ಲೆಯಿಂದ ಧರ್ಮಪುರಿಗೆ ಹೋದೆವು, 2004ರಲ್ಲಿ ಕೃಷ್ಣಗಿರಿಗೆ ಬಂದೆವು. ಜಿಲ್ಲೆ ಬದಲಾಯಿತು, ಒಲೆಯ ಮುಂದಿನ ಮಾತು ಬದಲಾಗಲಿಲ್ಲ. ವೈರಸ್ಸೂ ಗಡಿ ನೋಡಲಿಲ್ಲ. 2020ರ ಏಪ್ರಿಲ್ ಕೊನೆಯಲ್ಲಿ ಇಡೀ ತಮಿಳುನಾಡಿನಲ್ಲಿ ಹಸಿರು ವಲಯವಾಗಿದ್ದ ಒಂದೇ ಜಿಲ್ಲೆ ನಮ್ಮ ಕೃಷ್ಣಗಿರಿ. ನಾವು ಬೀಗಿದೆವು. ಮೇ ತಿಂಗಳಲ್ಲಿ ಕೊರೊನಾ ನಮ್ಮಲ್ಲಿಗೂ ಬಂತು. ಜನರಿಗೆ ಇ-ಪಾಸ್ ಬೇಕಿತ್ತು, ವೈರಸ್ಸಿಗೆ ಬೇಕಿರಲಿಲ್ಲ. ಒಂದರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ನವೆಂಬರ್ 1ರಂದು. ಅಷ್ಟು ದಿನ ಆ ಮಕ್ಕಳಿಗೆ ಮನೆಯೇ ಶಾಲೆ, ಮನೆಮಾತೇ ಪಠ್ಯವಾಗಿತ್ತು.

ಈ ದೇಶದ ಕಾನೂನು ನಮ್ಮನ್ನು ಮರೆತಿಲ್ಲ. ನಾವೇ ಅದನ್ನು ಮರೆತಿದ್ದೇವೆ. ಸಂವಿಧಾನದ 350-ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಸಿಗುವಂತೆ ಸಾಕಷ್ಟು ಅನುಕೂಲ ಮಾಡಿಕೊಡಲು ಪ್ರತಿ ರಾಜ್ಯವೂ ಪ್ರತಿ ಸ್ಥಳೀಯ ಆಡಳಿತವೂ ಪ್ರಯತ್ನಿಸಬೇಕು ಎನ್ನುತ್ತದೆ. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕೆಂದು 1949ರಲ್ಲೇ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿತ್ತು. ಜಿಲ್ಲೆಯಲ್ಲೋ ಅದಕ್ಕಿಂತ ಸಣ್ಣ ಆಡಳಿತ ಪ್ರದೇಶದಲ್ಲೋ ನೂರಕ್ಕೆ 15 ಮಂದಿ ಆಡುವ ಭಾಷೆಯಲ್ಲಿ ಸರ್ಕಾರದ ಮುಖ್ಯ ಪ್ರಕಟಣೆಗಳು ಬರಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡ ರಕ್ಷಣೆಗಳಲ್ಲಿ ಒಂದು. ಪ್ರಾಣ ಉಳಿಸುವ ಪ್ರಕಟಣೆಗಿಂತ ಮುಖ್ಯವಾದ ಪ್ರಕಟಣೆ ಯಾವುದು? 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವೂ ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಬೋಧನೆ ಎನ್ನುತ್ತದೆ. ದೂರನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎನ್ನುತ್ತದೆ 350ನೆಯ ವಿಧಿ. ಅಂದರೆ ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ.

ಆದ್ದರಿಂದ ನಮ್ಮ ಒತ್ತಾಯಗಳು ಇಷ್ಟು.

ಒಂದು: ಕನ್ನಡ ಮಾಧ್ಯಮದ ಶಾಲೆಗೆ ಬರುವ ಪ್ರತಿ ಆರೋಗ್ಯ ಪ್ರಕಟಣೆ, ಭಿತ್ತಿಪತ್ರ, ಕರಪತ್ರ ತಮಿಳಿನ ಜೊತೆಯಲ್ಲೇ ಕನ್ನಡದಲ್ಲೂ ಇರಬೇಕು, ಒಂದು ತಿಂಗಳ ನಂತರ ಬರುವ ಅನುವಾದವಾಗಿ ಅಲ್ಲ.

ಎರಡು: ಆರೋಗ್ಯ ಸಿಬ್ಬಂದಿ ಶಾಲೆಗೆ ಬಂದು ಮಾತನಾಡುವಾಗ ಕನ್ನಡ ಶಿಕ್ಷಕರೊಬ್ಬರು ಪಕ್ಕದಲ್ಲಿ ನಿಂತು ಅಲ್ಲಿಯೇ ಕನ್ನಡದಲ್ಲಿ ಹೇಳಬೇಕು, ಮಕ್ಕಳಿಗೆ ತಿಳಿಯಿತೇ ಎಂದು ಮಕ್ಕಳ ಮಾತಿನಲ್ಲೇ ಕೇಳಿ ನೋಡಬೇಕು.

ಮೂರು: ಖಾಲಿಯಿರುವ ಕನ್ನಡ ಶಿಕ್ಷಕರ ಹುದ್ದೆಗಳನ್ನು ಕನ್ನಡ ಬಲ್ಲವರಿಂದಲೇ ತುಂಬಬೇಕು.

ನಾಲ್ಕು: ಕರ್ನಾಟಕ ಸರ್ಕಾರವೂ ಕಿವಿಗೊಡಬೇಕು. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದೆ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದೆ. ನವೆಂಬರ್ ತಿಂಗಳಲ್ಲಿ ಶಾಲು ಹಾರ ತರುವ ಬದಲು ಮಕ್ಕಳ ವಿಜ್ಞಾನ ಪುಸ್ತಕಗಳನ್ನು ತನ್ನಿ. ಬೇರಿಕೆಗೆ ಮಾಲೂರು ದೂರವಲ್ಲ. ಅಲ್ಲಿ ಗೋಡೆಗೆ ಅಂಟಿಸುವ ಆರೋಗ್ಯ ಇಲಾಖೆಯ ಕನ್ನಡ ಭಿತ್ತಿಪತ್ರದ ಒಂದು ಕಟ್ಟು ಇಲ್ಲಿಗೆ ಬರಲು ಯಾವ ಒಪ್ಪಂದ ಬೇಕು?

ಐದನೆಯದು ನಮಗೆ, ನಿಮಗೆ. ಮುಂದಿನ ಪೋಷಕರ ಸಭೆಗೆ ತಪ್ಪದೆ ಬನ್ನಿ. ಸಹಿ ಹಾಕಿ ಎದ್ದುಹೋಗಬೇಡಿ. ನಿಮ್ಮ ಮಗುವಿನ ತರಗತಿಯಲ್ಲಿ ಎಷ್ಟು ಕನ್ನಡದ ಮಕ್ಕಳು, ಎಷ್ಟು ಕನ್ನಡದ ಶಿಕ್ಷಕರು, ಗೋಡೆಯ ಮೇಲೆ ಕನ್ನಡದ ಒಂದಾದರೂ ಆರೋಗ್ಯ ಚಿತ್ರ ಇದೆಯೇ — ಈ ಮೂರನ್ನು ಬರೆದುಕೊಂಡು ಬನ್ನಿ. ಅದನ್ನೇ ಅರ್ಜಿಯಾಗಿ ಕೊಡೋಣ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಬೇಡ. ಇನ್ನೊಂದು ವೈರಸ್ ಬರುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ.

ನನ್ನ ತಂಗಿಯ ಮಗ ಈಗ ದೊಡ್ಡವನಾಗಿದ್ದಾನೆ. ಪಂಪ್‌ಸೆಟ್ಟಿನ ಕೊಠಡಿಗೆ ನಾವು ಅಂದೇ ಬೀಗ ಹಾಕಿದೆವು. ಅಂದು ಸಂಜೆ ನಮ್ಮ ತಾಯಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾಲುತೊಂಡೆ ಬಂದ ಹುಳುವಿನ ಕಥೆ ಹೇಳಿ, ಕೈಗೆ ಸೋಪು ಕೊಟ್ಟರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹುಡುಗ ಒಂದೇ ಸಲಕ್ಕೆ ತಿಳಿದುಕೊಂಡ. ಮರುದಿನ ಅಂಗಳದ ಮಕ್ಕಳಿಗೆಲ್ಲ ಅದನ್ನೇ ಹೇಳುತ್ತಿದ್ದ. ಓದದ ಅಜ್ಜಿ ಒಂದು ಸಂಜೆಯಲ್ಲಿ ಮಾಡಿದ್ದನ್ನು ಇಷ್ಟು ದೊಡ್ಡ ಇಲಾಖೆಗಳು ಮಾಡಲಾರವೇ? ಖಂಡಿತ ಮಾಡಬಲ್ಲವು. ಕೇಳುವ ಕೆಲಸ ನಮ್ಮದು. ಕೇಳೋಣ ಬನ್ನಿ.